ಬಾಂಡ್ ಇದೆ ಸಾರ್, ಇನ್ನೂರು ರೂಪಾಯಿದು

ಮೊನ್ನೆ ಭಾನುವಾರ ಕೋಲಾರದ ಒಂದು ಕಲ್ಯಾಣಮಂಟಪದಲ್ಲಿ ಹೂಡಿಕೆ ಜಾಗೃತಿ ಶಿಬಿರ. ಪ್ರವೇಶ ಉಚಿತ, ಊಟ ಇದೆ. ಊಟ ಅಂದ ಮೇಲೆ ನಮ್ಮ ಜನಕ್ಕೆ ಜಾಗೃತಿ ತಾನಾಗೇ ಬರುತ್ತದೆ. ಇಂಥದ್ದನ್ನ ನೀವೂ ನೋಡಿರ್ತೀರಿ. ಟೈ ಕಟ್ಟಿದ ಹುಡುಗ, ಪರದೆ ತುಂಬ ಇಂಗ್ಲಿಷು, ಬಾಗಿಲಲ್ಲೇ ಫಾರಂ.

"ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಬಾಂಡ್ ಎಷ್ಟಿದೆ?" ಅಂತ ಹುಡುಗ ಕೇಳಿದ. ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪ ಎದ್ದು ನಿಂತು, "ಒಂದಿದೆ ಸಾರ್, ಇನ್ನೂರು ರೂಪಾಯಿದು. ಬಾಡಿಗೆ ಕರಾರಿಗೆ ತಂದಿದ್ದು" ಅಂದರು.

ಅವರದ್ದೇನು ತಪ್ಪು? ನಮ್ಮಲ್ಲಿ ಛಾಪಾ ಕಾಗದವೂ ಬಾಂಡೇ, ವಿಮೆ ಕಾಗದವೂ ಬಾಂಡೇ. ಷೇರು ಅಂದ್ರೆ ಸೊಸೈಟಿಯವರು ಸಾಲ ಕೊಡುವಾಗ ಹಿಡ್ಕೊಳ್ಳೋ ದುಡ್ಡು. ಇಲ್ಲಾ ಆಟೋ. ಕೂಪನ್ ಅಂದ್ರೆ ಊಟದ್ದು.

ಕೂಪನ್ ಕಥೆ ಮಜವಾಗಿದೆ. ಹಿಂದೆ ಬಾಂಡ್ ಕಾಗದದ ಅಂಚಿನಲ್ಲೇ ಪುಟ್ಟ ಚೀಟಿಗಳು ಇರುತ್ತಿದ್ದವು. ಕತ್ತರಿಸಿ ಕೊಟ್ಟರೆ ಆ ಕಂತಿನ ಬಡ್ಡಿ ಕೈಗೆ. ಕತ್ತರಿ ಹೋಯ್ತು, ಕಾಗದ ಹೋಯ್ತು, ಬಡ್ಡಿಗೆ ಕೂಪನ್ ಅನ್ನೋ ಹೆಸರು ಮಾತ್ರ ಉಳ್ಕೊಂಡಿತು. ಹುಡುಗ ಇದನ್ನ ಹೇಳಿದ್ದರೆ ಹಿಂದಿನ ಸಾಲಿನ ಅಜ್ಜಿಗೂ ಅರ್ಥವಾಗುತ್ತಿತ್ತು. ಷೇರು ತಗೊಂಡ್ರೆ ಕಂಪನಿಯಲ್ಲಿ ಪಾಲು, ಬಾಂಡ್ ತಗೊಂಡ್ರೆ ಕಂಪನಿಗೆ ಕೊಟ್ಟ ಸಾಲ. ಕಂಪನಿ ಮುಳುಗಿದರೆ ಮೊದಲು ಸಾಲ ಕೊಟ್ಟವರ ಬಾಕಿ, ಮಿಕ್ಕಿದರೆ ಪಾಲುದಾರರಿಗೆ. ಸಾಮಾನ್ಯವಾಗಿ ಮಿಕ್ಕೋದಿಲ್ಲ. ಇಷ್ಟಕ್ಕೆ ನಲವತ್ತು ಸ್ಲೈಡು ಬೇಕಾ?

ಆಮೇಲೆ 'ವೊಲಟಿಲಿಟಿ' ಬಂತು. ಕೋಲಾರದವರಿಗೆ ಏರಿಳಿತದ ಪಾಠ! 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತು. ಬಿಡಿಸಿದ ಕೂಲಿಯೂ ಗಿಟ್ಟದೆ ರಸ್ತೆಗೆ ಸುರಿದವರೂ ನಾವೇ. ಸೆನ್ಸೆಕ್ಸ್ ಬಿದ್ದರೆ ಟಿವಿಯಲ್ಲಿ ಕೆಂಪು ಬಾಣ ಬರುತ್ತದೆ. ಟೊಮೆಟೊ ಬಿದ್ದರೆ ಹಸು ಬರುತ್ತದೆ.

ಬಡ್ಡಿ ದರ ಏರಿದರೆ ಹಳೇ ಬಾಂಡಿನ ಬೆಲೆ ಯಾಕೆ ಇಳಿಯುತ್ತೆ ಅಂತ ತೋರಿಸೋಕೆ ಗ್ರಾಫು ಬೇರೆ. ಹೊಸ ಬಾಂಡು ನೂರಕ್ಕೆ 8 ಕೊಡುವಾಗ ನಿಮ್ಮ 7ರದ್ದನ್ನ ಪೂರಾ ರೇಟಿಗೆ ಯಾರು ತಗೋತಾರೆ? ಚೌಕಾಸಿ ಮಾಡ್ತಾರೆ. ಇದು ನಮ್ಮ ಮಂಡಿಯಲ್ಲಿ ಚೀಲ ಎತ್ತೋ ಹುಡುಗನಿಗೂ ಗೊತ್ತು.

ಕೊನೆಗೆ ಫಾರಂ. ಹನ್ನೊಂದು ಕಡೆ ಸಹಿ. "ಫ್ಯೂಚರ್ಸ್, ಆಪ್ಷನ್ಸ್‌ಗೂ ಒಂದು ಟಿಕ್ ಹಾಕ್ಬಿಡಿ ಅಂಕಲ್, ಸುಮ್ನೆ ಇರ್ಲಿ" ಅಂದ ಹುಡುಗ. ಸುಮ್ನೆ! ಮುಂದೆ ಬೆಲೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಕಟ್ಟೋ ಆಟ ಅದು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಆ ಆಟಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳ್ಕೊಂಡಿದ್ದಾರೆ ಅಂತ ಷೇರುಪೇಟೆಯ ಮೇಲೆ ಕಣ್ಣಿಡೋ ಸೆಬಿಯೇ ಲೆಕ್ಕ ಕೊಟ್ಟಿದೆ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಆ ಅಂಕಿ ನಲವತ್ತು ಸ್ಲೈಡಿನಲ್ಲಿ ಒಂದರಲ್ಲೂ ಇರಲಿಲ್ಲ. ನಗು ಬರ್ತಿಲ್ಲ, ಸಾಕಾಗಿದೆ. ಎಚ್ಚರಿಕೆಯನ್ನ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಅಚ್ಚು ಹಾಕಿ, 'ಇಲ್ಲಿ ಸಹಿ ಮಾಡಿ' ಅನ್ನೋದನ್ನ ಮಾತ್ರ ಅಚ್ಚ ಕನ್ನಡದಲ್ಲಿ ಹೇಳ್ತಾರಲ್ಲ, ಅದಕ್ಕೆ.

ಊಟದ ಸಾಲಿಗೆ ಬಂದರೆ, ಸಹಿ ಆದವರಿಗಷ್ಟೇ ಟೋಕನ್ ಅಂದರು. ಚಿಕ್ಕಪ್ಪ ಟಿಕ್ ಬಿಟ್ಟು ಮಿಕ್ಕ ಎಲ್ಲಾ ಕಡೆ ಸಹಿ ಹಾಕಿ, ಟೋಕನ್ ಹಿಡಿದು ಬಂದು, "ಕೂಪನ್ನು ಬಂತು ಕಣೋ" ಅಂದರು. ನಾವು ಕೂರುವಷ್ಟರಲ್ಲಿ ಹಪ್ಪಳ ಖಾಲಿಯಾಗಿತ್ತು.