ಗುಮ್ಮಟಕ್ಕೆ ಬಣ್ಣ ಹಚ್ಚಿ, ಪ್ರಶ್ನೆ ಕೇಳಬೇಡಿ

ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ, ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಜನವರಿ ಬಂತೆಂದರೆ ಸಣ್ಣ ಮಕ್ಕಳ ಬ್ಯಾಗಿನಿಂದ ಒಂದು ವರ್ಕ್‌ಶೀಟ್ ಹೊರಬೀಳುತ್ತದೆ. ಮೇಲೆ ಅಲ್ಲಿನ ಸಂಸತ್ತಾದ ಕ್ಯಾಪಿಟಲ್ ಕಟ್ಟಡದ ಗುಮ್ಮಟ, ಬಣ್ಣ ತುಂಬಲು. ನಡುವೆ ಅಧ್ಯಕ್ಷರ ಪ್ರಮಾಣವಚನ, ಬಿಟ್ಟ ಸ್ಥಳ ತುಂಬಲು. ಕೆಳಗೆ 'ನಾನು ಅಧ್ಯಕ್ಷನಾದರೆ' ಎಂದು ಬರೆಯಲು ಐದು ಗೆರೆ. ನ್ಯೂಜೆರ್ಸಿಯ ನಮ್ಮ ಕನ್ನಡದ ಮಕ್ಕಳೂ ಕೂತು ಬಿಳಿ ಹಾಳೆಯ ಮೇಲಿನ ಗುಮ್ಮಟಕ್ಕೆ ಬಿಳಿ ಕ್ರೇಯಾನ್ ತಿಕ್ಕುತ್ತಾರೆ. ಏನೂ ಕಾಣಲ್ಲ, ಯಾರ ತಕರಾರೂ ಇಲ್ಲ. ಪಾಠ ಬರೆದವರಿಗೆ ಬೇಕಾಗಿದ್ದೂ ಅದೇ.

ಆ ಪ್ರಮಾಣವಚನ ಸಂವಿಧಾನದಲ್ಲಿರುವುದು ಬರೀ 35 ಪದ. ಒಂದು ಪದ ಆಚೀಚೆಯಾದರೆ ಮಕ್ಕಳ ಹಾಳೆಗೆ ಕೆಂಪು ಗೆರೆ. 2009ರಲ್ಲಿ ಸಾಕ್ಷಾತ್ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರೇ ಪ್ರಮಾಣ ಬೋಧಿಸುವಾಗ ಪದ ಹಿಂದೆಮುಂದೆ ಮಾಡಿ, ಒಬಾಮಾ ತಡವರಿಸಿ, ಮಾರನೇ ದಿನ ಶ್ವೇತಭವನದ ಮ್ಯಾಪ್ ರೂಮಿನಲ್ಲಿ ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ದೊಡ್ಡವರಿಗೆ ಸಪ್ಲಿಮೆಂಟರಿ ಉಂಟು, ಮೂರನೇ ಕ್ಲಾಸಿನವರಿಗಿಲ್ಲ.

ಇತಿಹಾಸದ ಭಾಗಕ್ಕೆ ಬಂದರೆ ಟೀಚರುಗಳ ಮುದ್ದಿನ ಕಥೆ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಅವರದು. 1841ರ ಚಳಿಯಲ್ಲಿ ಕೋಟಿಲ್ಲದೆ ನಿಂತು, 8,445 ಪದಗಳ ಭಾಷಣವನ್ನು ಹೆಚ್ಚುಕಮ್ಮಿ ಎರಡು ಗಂಟೆ ಕೊರೆದರು. ಒಂದೇ ತಿಂಗಳಲ್ಲಿ ತೀರಿಕೊಂಡರು. ಚಳಿಯಿಂದಲ್ಲ, ಶ್ವೇತಭವನದ ಕೊಳಕು ನೀರಿನಿಂದ ಇರಬಹುದು ಎಂದು ಈಚೆಗೆ ವೈದ್ಯರು ಹೇಳಿದ್ದೂ ಇದೆ. ಆದರೆ ಹಾಗೆಂದರೆ ನೀತಿ ಕೆಡುತ್ತದಲ್ವಾ? ಇನ್ನೂರು ವರ್ಷ ದಾಟಿದ ಪ್ರಜಾಪ್ರಭುತ್ವದಿಂದ ಮಕ್ಕಳು ಕಲಿಯಬೇಕಾದ್ದು: ಸ್ವೆಟರ್ ಹಾಕ್ಕೋ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎರಡನೇ ಸಲ ಅಧಿಕಾರಕ್ಕೆ ಬಂದಾಗ 135 ಪದಕ್ಕೇ ಮುಗಿಸಿದ್ದನ್ನು ಮಾತ್ರ ಯಾರೂ ಹೇಳಲ್ಲ. ಹೇಳಿದರೆ ಐದು ಗೆರೆ ತುಂಬಿಸಲು ಯಾವ ಮಗು ಒಪ್ಪೀತು?

ವರ್ಕ್‌ಶೀಟಿನಲ್ಲಿ ಒಂದು ನೀಲಿ ಚೌಕ ಇರುತ್ತದೆ. ಅದರಲ್ಲಿ 'ಶಾಂತಿಯುತ ಅಧಿಕಾರ ಹಸ್ತಾಂತರ' ಎಂಬುದರ ಅರ್ಥ. 2021ರಲ್ಲಿ ಈ ಚೌಕಕ್ಕೆ ಬಂದ ಕಷ್ಟ ಶತ್ರುವಿಗೂ ಬೇಡ. ಜನವರಿ 6ರಂದು, ಚುನಾವಣೆ ಸೋತ ಟ್ರಂಪ್ ಬೆಂಬಲಿಗರ ಗುಂಪು ನುಗ್ಗಿ ಕಿಟಕಿ ಒಡೆದ ಕ್ಯಾಪಿಟಲ್ ಕಟ್ಟಡದ ಮುಂದೆಯೇ ಎರಡು ವಾರಕ್ಕೆ ಬೈಡನ್ ಪ್ರಮಾಣವಚನ. ಕಾವಲಿಗೆ ಸುಮಾರು 25,000 ನ್ಯಾಷನಲ್ ಗಾರ್ಡ್ ಯೋಧರು. ಮೈದಾನದಲ್ಲಿ ಜನರ ಬದಲು ಎರಡು ಲಕ್ಷದಷ್ಟು ಬಾವುಟ. ಹಳೇ ಅಧ್ಯಕ್ಷ ಟ್ರಂಪ್ ಬೆಳಿಗ್ಗೆಯೇ ಫ್ಲೋರಿಡಾ ವಿಮಾನ ಹತ್ತಿದ್ದರು. 'ಅವರು ಎಲ್ಲಿ ಮಿಸ್?' ಎಂದು ಮಗು ಕೇಳಿದರೆ ಮಿಸ್ ಏನನ್ನಬೇಕು? 1801ರಲ್ಲಿ ಸೋತ ಅಧ್ಯಕ್ಷ ಜಾನ್ ಆಡಮ್ಸ್ ಕೂಡ ಬೆಳಗಾಗುವ ಮೊದಲೇ ಊರು ಬಿಟ್ಟಿದ್ದರು ಎನ್ನಬಹುದಿತ್ತು. ಅದಕ್ಕಿಂತ 'ಗೆರೆ ದಾಟದ ಹಾಗೆ ಬಣ್ಣ ಹಚ್ಚು ಪುಟ್ಟಾ' ಅನ್ನೋದು ಸುಲಭ.

ಆ ದಿನ ಲೋಕಕ್ಕೆಲ್ಲ ತಲುಪಿದ ಶಿಕ್ಷಕರ ಕೆಲಸ ಒಂದೇ: ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೈಗೆ ತೊಟ್ಟಿದ್ದ ಉಣ್ಣೆಯ ಗವಸು. ವರ್ಮಾಂಟ್‌ನ ಶಾಲಾ ಟೀಚರೊಬ್ಬರು ಹಳೇ ಸ್ವೆಟರಿನಿಂದ ಹೊಲಿದುಕೊಟ್ಟದ್ದು. ಸ್ವೆಟರ್ ಪಾಠ ಸುಮ್ನೆ ಹೋಗಿಲ್ಲ ನೋಡಿ.

2025ರಲ್ಲಿ ದೇವರೇ ಕೈಹಿಡಿದ. ಜನವರಿ 20 ಮಾರ್ಟಿನ್ ಲೂಥರ್ ಕಿಂಗ್ ರಜಾದಿನವೂ ಆಗಿದ್ದರಿಂದ ಶಾಲೆಗಳಿಗೆ ರಜೆ. ಚಳಿ ಜಾಸ್ತಿ ಎಂದು ಸಮಾರಂಭ ಗುಮ್ಮಟದ ಕೆಳಗಿನ ದುಂಡು ಸಭಾಂಗಣ ರೊಟಂಡಾಗೆ ಹೋಯಿತು. ಪತ್ನಿ ಎರಡು ಬೈಬಲ್ ಹಿಡಿದಿದ್ದರೂ ಟ್ರಂಪ್ ಕೈ ಅದರ ಮೇಲೆ ಕೂರಲಿಲ್ಲ. ಕಾನೂನಿಗೆ ಅದು ಬೇಕಾಗಿಯೂ ಇಲ್ಲ, ವರ್ಕ್‌ಶೀಟಿನ ಚಿತ್ರಕ್ಕೆ ಬೇಕು. ಸಂಜೆಯೊಳಗೆ ಜನವರಿ 6ರ ಪ್ರಕರಣದ ಸುಮಾರು 1,500 ಮಂದಿಗೆ ಕ್ಷಮಾದಾನವೂ ಆಯಿತು. ಮಂಗಳವಾರ ನೀಲಿ ಚೌಕ ಎಂದಿನಂತೆ ಹಾಜರು.

ಟೀಚರುಗಳನ್ನು ಬೈದು ಪ್ರಯೋಜನವಿಲ್ಲ, ಅವರದು ಅಡಕತ್ತರಿಯ ಬದುಕು. 2009ರ ಸೆಪ್ಟೆಂಬರಿನಲ್ಲಿ ಒಬಾಮಾ ಮಕ್ಕಳಿಗೆ 'ಚೆನ್ನಾಗಿ ಓದಿ' ಎಂದು ಭಾಷಣ ಮಾಡಲು ಹೊರಟಾಗ, ಇದು ರಾಜಕೀಯ ಎಂದು ಪೋಷಕರು ರಂಪ ಮಾಡಿದ್ದರು. ಬೇಡವಾದವರು ಕೇಳದೇ ಇರಬಹುದು ಎಂದು ಕೆಲವು ಶಾಲೆಗಳು ವಿನಾಯಿತಿ ಕೊಟ್ಟವು. ಹೋಮ್‌ವರ್ಕ್ ಮಾಡಿ ಅನ್ನೋದೇ ಪಕ್ಷಪಾತವಾದ ಊರಲ್ಲಿ ಇನ್ನೇನು ಪಾಠ ಮಾಡ್ತೀರಿ?

ನನ್ನದೊಂದು ಸಲಹೆ. ಟ್ರಂಪ್ ಅವರ 2017ರ ಸಮಾರಂಭದ ಒಂಬತ್ತು ಅಂತಸ್ತಿನ ಕೇಕು ಮಾಡಿಸಿ. ಅದು ಒಬಾಮಾ ಅವರ 2013ರ ಕೇಕಿನ ಪಡಿಯಚ್ಚು. ಅಡಿಯ ಒಂದು ತುಂಡು ಬಿಟ್ಟರೆ ಮಿಕ್ಕಿದ್ದೆಲ್ಲ ಥರ್ಮೋಕೋಲ್. ಕತ್ತರಿಸಿದ್ದು ಖಡ್ಗದಲ್ಲಿ. ಥರ್ಮೋಕೋಲ್ ಪ್ರಾಜೆಕ್ಟ್ ನಮ್ಮ ಅಪ್ಪ ಅಮ್ಮಂದಿರಿಗೆ ನೀರು ಕುಡಿದಷ್ಟು ಸುಲಭ. ಇಪ್ಪತ್ತಕ್ಕೆ ಇಪ್ಪತ್ತು ಗ್ಯಾರಂಟಿ. ಖಡ್ಗ ಮಾತ್ರ ಶಾಲೆಗೆ ತರುವಂತಿಲ್ಲ.