ಗುರುವಿಗೊಂದು ಕಿಂಡಿ

ನನ್ನ ಹಾರ್ಡ್ ಡಿಸ್ಕ್ ತುಂಬಿದ್ದು ಮದುವೆ ವಿಡಿಯೋದಿಂದಲ್ಲ. ಕತ್ತಲೆಯಿಂದ.

2026ರ ಜನವರಿ. ಗುರುಗ್ರಹ ಸೂರ್ಯನಿಗೆ ಎದುರುಬದುರಾಗಿ ರಾತ್ರಿಯಿಡೀ ಹೊಳೆಯುತ್ತಿತ್ತು. ಚಿತ್ರದುರ್ಗದ ನಮ್ಮ ತಾರಸಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಕ್ಯಾಮೆರಾ ಸಿಕ್ಕಿಸಿ, 1920x1080ರ ಪೂರ್ತಿ ಚೌಕಟ್ಟಿನಲ್ಲಿ 2 ನಿಮಿಷ ವಿಡಿಯೋ ತೆಗೆದೆ. ಸೆಕೆಂಡಿಗೆ 30 ಫ್ರೇಮ್. ಫೈಲು 7 ಜಿಬಿ ದಾಟಿತು. ಅದರಲ್ಲಿ ಗುರುವಿನ ಅಗಲ ಬರೀ 200 ಪಿಕ್ಸೆಲ್. ದೊಡ್ಡ ಬಾಳೆಲೆ ಹಾಸಿ, ಉಪ್ಪು ಬಡಿಸಿ, ಊಟ ಆಯ್ತು ಏಳಿ ಅಂದ ಹಾಗೆ!

'ಒಗ್ಗರಣೆ ಸಾಸಿವೆ ಥರ ಐತಲ್ಲೋ' ಅಂದಳು ಅಮ್ಮ.

ಅಕ್ಕನ ಮಗ ಸ್ಕ್ರೀನ್ ನೋಡಿ ನಕ್ಕ. 'ಮಾವ, ಓಬವ್ವನ ಕಿಂಡಿ ಇರೋ ಊರಲ್ಲಿ ಹುಟ್ಟಿ ಹೆಬ್ಬಾಗಿಲು ಯಾಕೆ ತೆಗೆದಿದ್ದೀಯಾ? ಗ್ರಹದ ಸುತ್ತ ಸಣ್ಣ ಕಿಂಡಿ ಸಾಕು.'

ಚೌಕಟ್ಟನ್ನು 640x480ಕ್ಕೆ ಇಳಿಸಿದ. ಗುರು ದೊಡ್ಡದಾಗುತ್ತೆ ಅಂತ ಕಾದೆ. ಆಗಲಿಲ್ಲ. ಅದೇ 200 ಪಿಕ್ಸೆಲ್, ಸುತ್ತಲಿನ ಕತ್ತಲೆ ಮಾತ್ರ ಕಡಿಮೆ. ಆದರೆ ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಹೋಗುವ ಕೇಬಲ್ ಮೇಲಿನ ಹೊರೆ ಇಳಿದು, ಫ್ರೇಮ್ ಸೆಕೆಂಡಿಗೆ 150ಕ್ಕೆ ಏರಿತು. ಲಾಭ ಇರೋದೇ ಅಲ್ಲಿ. ನಮ್ಮ ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ. ಆ ಬಿಸಿಗಾಳಿಯಲ್ಲಿ ಗುರು ನೀರೊಳಗಿನ ಕಾಸಿನ ಥರ ಅಲುಗುತ್ತದೆ. ಸಾವಿರಾರು ಫ್ರೇಮ್ ಹಿಡಿದರೆ ಅಲುಗದ ಕೆಲವು ಸಿಗುತ್ತವೆ. ಅವನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸಬೇಕು, ಅಕ್ಕಿ ಆರಿಸಿದ ಹಾಗೆ. ನಿಧಾನ ಮಾಡುವ ಹಾಗೂ ಇಲ್ಲ. ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಅದರ ಮೈಮೇಲಿನ ಪಟ್ಟಿಗಳೊಳಗಿನ ಕಲೆಗಳೆಲ್ಲ ಕಲಸಿಹೋಗುತ್ತವೆ.

ರೆಕಾರ್ಡ್ ಒತ್ತಿ, ಚಳಿ ಅಂತ ಕೆಳಗಿಳಿದು ಕಾಫಿ ಕುಡಿದೆ. ಬಂದು ನೋಡಿದರೆ 18 ಸಾವಿರ ಫ್ರೇಮ್! ತೆರೆದೆ. ಮೊದಲ 5 ಸೆಕೆಂಡು ಗುರು ಅಂಚಿನ ಕಡೆ ಜಾರಿಕೊಂಡು ಹೋಗುತ್ತದೆ. ಆಮೇಲೆ ಕಪ್ಪು. ಅಚ್ಚ ಕಪ್ಪು, ಸೆಕೆಂಡಿಗೆ 150ರಂತೆ. ಪೂರ್ತಿ ಚೌಕಟ್ಟಾಗಿದ್ದರೆ ಇನ್ನೊಂದಿಷ್ಟು ಹೊತ್ತಾದರೂ ಒಳಗಿರುತ್ತಿತ್ತು. ಕಿಂಡಿ ಅಲ್ವಾ, ನುಸುಳಿ ಹೋಯ್ತು.

ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತಿತ್ತು. ಆಕಾಶದಲ್ಲಿ ಸರಿಯುವ ಗುರುವಿನ ಹಿಂದೆಯೇ ಟೆಲಿಸ್ಕೋಪ್ ತಿರುಗಿಸುವ ಮೋಟಾರಿನದು ಮಾತ್ರ ಕೆಳಗಿನ ಕೋಣೆಯಿಂದ ಎಳೆದ ವೈರು. ಹೋಗಿ ನೋಡಿದರೆ ನನ್ನ ಪ್ಲಗ್ ನೆಲದ ಮೇಲೆ. ಅದರ ಜಾಗದಲ್ಲಿ ಸೊಳ್ಳೆ ಲಿಕ್ವಿಡ್ ಉರಿಯುತ್ತಿತ್ತು.

'ಅಮ್ಮಾ, ಗುರು ಹೋಗಿಬಿಡ್ತು!'

'ನಿಂಗೆ ಗುರುಬಲ ಇಲ್ಲ ಅಂತ ಜೋಯಿಸರು ಮದುವೆಗೆ ಮುಂಚೇನೇ ಹೇಳಿದ್ರು. ಬಾಗಿಲು ಹಾಕು, ಸೊಳ್ಳೆ ಬರ್ತಾವೆ' ಅಂತ ಕಂಬಳಿ ಹೊದ್ದುಕೊಂಡಳು.