ಮೂರು ತಾಸಿನಲ್ಲಿ ಹಾಕಿಸಿಕೊಂಡ ಸಹಿ

ಮೊನ್ನೆ ಹಾವೇರಿಯಿಂದ ನಾದಿನಿ ಬಂದಿದ್ದಳು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಚೀಲದಿಂದ ಒಂದು ಫೈಲ್ ತೆಗೆದು ನನ್ನ ಮುಂದಿಟ್ಟಳು. "ವೈನಿ, ಇದನ್ನ ನೋಡ್ರಿ. ಅಣ್ಣಗ ಮಾತ್ರ ಹೇಳಬ್ಯಾಡ್ರಿ" ಅಂದಳು. ತೆರೆಯುವ ಮೊದಲೇ ಅದೇನು ಅಂತ ಗೊತ್ತಾಯಿತು. ಎರಡು ವರ್ಷದ ಹಿಂದೆ ಅಂಥದ್ದೇ ಹೊಳೆಯುವ ಫೈಲ್ ನಮ್ಮ ಮನೆಗೂ ಬಂದಿತ್ತು. ಹಾಲಿಡೇ ಮೆಂಬರ್‌ಶಿಪ್, ಅಂದರೆ ಹಣ ಕಟ್ಟಿ ವರ್ಷಕ್ಕೆ ಇಷ್ಟು ರಾತ್ರಿ ಅಂತ ಕಂಪನಿಯ ರೆಸಾರ್ಟಿನಲ್ಲಿ ಉಳಿಯುವ ಒಪ್ಪಂದ.

ನಮ್ಮದು ಶುರುವಾಗಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಖರೀದಿಗೆ ಹೋದಾಗ ಕೂಪನ್ ತುಂಬಿಸಿಕೊಂಡರು. ನಾಲ್ಕು ದಿನಕ್ಕೆ ಫೋನ್. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬರಲೇಬೇಕು ಅಂದರು. ಇಬ್ಬರೂ ಯಾಕೆ ಅಂತ ಆಗ ಹೊಳೆಯಲಿಲ್ಲ. "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಲು ದಾರಿ ಇರಬಾರದು, ಅದಕ್ಕೆ. ಮೂರು ತಾಸು ಕೂರಿಸಿದರು. ಮಗು ನಿದ್ದೆಗಣ್ಣಲ್ಲಿ ಅಳುತ್ತಿತ್ತು. ಈ ರೇಟ್ ಇವತ್ತು ಮಾತ್ರ ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದರು. 25 ವರ್ಷ, ವರ್ಷಕ್ಕೆ 7 ರಾತ್ರಿ, ಮೂರೂವರೆ ಲಕ್ಷ. ಕಾರ್ಡಿನಲ್ಲಿ 40 ಸಾವಿರ ಅಲ್ಲೇ ಕಟ್ಟಿದೆವು.

ರಾತ್ರಿ ಕೂತು ಓದಿದಾಗ ಕೈಕಾಲು ತಣ್ಣಗಾದವು. ರೆಸಾರ್ಟಿಗೆ ಹೋದರೂ ಬಿಟ್ಟರೂ ವರ್ಷಕ್ಕೆ 18 ಸಾವಿರ ನಿರ್ವಹಣೆ ಶುಲ್ಕ. 25 ವರ್ಷಕ್ಕೆ ಅದೇ ನಾಲ್ಕೂವರೆ ಲಕ್ಷ ಆಗುತ್ತದೆ. ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮಗೆ ಬೇಡ, ರದ್ದು ಮಾಡಿ ಅಂತ ಮರುದಿನದಿಂದಲೇ ಕಂಪನಿಗೆ ಫೋನ್ ಮಾಡಿದೆ. "ಆಗಲಿ ಮೇಡಮ್, ಮೇಲಿನವರ ಹತ್ತಿರ ಮಾತಾಡಿ ತಿಳಿಸ್ತೀವಿ" ಅನ್ನುವರು. ಒಂದು ವಾರ ಹಾಗೇ ಹೋಯಿತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಎಂಟನೇ ದಿನ ತಡೆಯಲಾಗದೆ ಪಕ್ಕದ ಮನೆಯ ವಕೀಲ ಕಾಕಾನ ಮುಂದೆ ಕಾಗದ ಇಟ್ಟೆ. ಅವರು ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. 10 ದಿನದೊಳಗೆ ಬರೆದು ತಿಳಿಸಿದರೆ ಒಪ್ಪಂದ ರದ್ದು. "ತಂಗಿ, ಫೋನಿನ್ಯಾಗ ಮಾತಾಡಿದ್ದು ಗಾಳಿಗೆ ಹೋತು. ಇವತ್ತ ಬರದು ಕಳಸು" ಅಂದರು.

ಅವತ್ತೇ ಬರೆದೆವು. ಒಪ್ಪಂದದ ನಂಬರ್, ಸಹಿ ಮಾಡಿದ ತಾರೀಕು, ರದ್ದು ಮಾಡುತ್ತಿದ್ದೇವೆ ಅನ್ನುವ ಮಾತು, ವಾಪಸ್ ಬರಬೇಕಾದ ಹಣ, ಇಬ್ಬರ ಸಹಿ. ಇಷ್ಟೇ. ಸ್ಪೀಡ್ ಪೋಸ್ಟ್ ಒಂದು, ಇಮೇಲ್ ಒಂದು. ಬ್ಯಾಂಕಿಗೂ ಅದರ ಪ್ರತಿ ಕೊಟ್ಟೆವು. ಆಮೇಲೂ ಎಳೆದಾಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಹಣ ಬಂತು. ಎರಡೂವರೆ ತಿಂಗಳು ಹಿಡಿಯಿತು.

ಆ 10 ದಿನ ಕೂಡ ಕಂಪನಿ ತಾನಾಗಿ ಬರೆದುಕೊಂಡಿದ್ದು. ಯುರೋಪ್ ಒಕ್ಕೂಟದ ದೇಶಗಳಲ್ಲಿ ಇಂಥ ಒಪ್ಪಂದದಿಂದ ಹಿಂದೆ ಸರಿಯಲು ಕಾನೂನೇ 14 ದಿನ ಕೊಡುತ್ತದೆ, ಕಾರಣ ಕೂಡ ಹೇಳಬೇಕಿಲ್ಲ. ನಮ್ಮಲ್ಲಿ ಟೈಮ್‌ಶೇರ್ ಅನ್ನುವ ಇಂಥ ಮೆಂಬರ್‌ಶಿಪ್‌ಗೇ ಅಂತ ಅಂಥ ಕಾನೂನಿಲ್ಲ. ಬರಲೇಬೇಕು. ಒಂದೇ ಸಲ ಕೂರಿಸಿ ಲಕ್ಷಗಟ್ಟಲೆ ಹಣಕ್ಕೆ ಸಹಿ ಹಾಕಿಸಿಕೊಳ್ಳುವವರ ಮುಂದೆ ಜನರಿಗೆ ಮನೆಗೆ ಬಂದು ಯೋಚಿಸಲು ಎರಡು ವಾರವಾದರೂ ಬೇಡವಾ?

ನಾದಿನಿಯದು ಸಹಿ ಆಗಿ 14 ತಿಂಗಳು. ಮೇ ರಜೆಗೆ, ದೀಪಾವಳಿಗೆ ಯಾವಾಗ ಕೇಳಿದರೂ ರೂಮ್ ಖಾಲಿ ಇಲ್ಲ. ನಡುವೆ ಯಾರೋ ಫೋನ್ ಮಾಡಿ, ನಿಮ್ಮ ಮೆಂಬರ್‌ಶಿಪ್ ಮಾರಿಸಿಕೊಡ್ತೀವಿ, ಮೊದಲು 25 ಸಾವಿರ ಹಾಕಿ ಅಂದಿದ್ದಾರಂತೆ. ಪುಣ್ಯಕ್ಕೆ ಹಾಕಿಲ್ಲ. ಹಾಗೆ ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಸಿಟ್ಟಿನಲ್ಲಿ, ಮೆಂಬರ್‌ಶಿಪ್‌ಗೆ ಮಾಡಿದ ಸಾಲದ ಇಎಂಐ ನಿಲ್ಲಿಸಿಬಿಡಲಾ ಅಂತಲೂ ಕೇಳಿದಳು. ಬೇಡ ಅಂದೆ. ಸಾಲ ಅವಳ ಹೆಸರಿನಲ್ಲಿದೆ. ಸುಮ್ನೆ ನಿಲ್ಲಿಸಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ಕೆಡುತ್ತದೆ.

ಅವಳಿಗೆ ದೊಡ್ಡ ಹೆದರಿಕೆ ಇದ್ದಿದ್ದು ಒಪ್ಪಂದದ ಕೊನೆಯ ಸಾಲಿನದು. ತಕರಾರು ಏನಿದ್ದರೂ ಮುಂಬೈ ಕೋರ್ಟಿನಲ್ಲೇ ಅಂತ ಬರೆದಿದೆ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ. ದೂರಿಗೆ 2 ವರ್ಷದ ಗಡುವಿದೆ, ಅವಳಿಗೆ ಇನ್ನೂ ಸಮಯ ಇದೆ.

ಅಣ್ಣನಿಗೆ ರಾತ್ರಿ ಊಟದ ಹೊತ್ತಿಗೆ ಅವಳೇ ಹೇಳಿದಳು. ಅವರು ಬೈಯಲಿಲ್ಲ. ನಮ್ಮ ಹಳೆಯ ಪತ್ರದ ಪ್ರತಿ ಹುಡುಕಿ ತಂದು ಅವಳ ಮುಂದಿಟ್ಟರು. ಸೋಮವಾರ ನಾನೂ ನಾದಿನಿಯೂ ಫೈಲ್ ಹಿಡಿದುಕೊಂಡು ಹಾವೇರಿಯ ಆಯೋಗಕ್ಕೆ ಹೋಗುತ್ತಿದ್ದೇವೆ.